ಉಡಿಯಲ್ಲಿ ಬಂದ ಅಂಗಮಾರಿ

ನನ್ನ ಮೇಲೆ ಈಗ ಒಂದು ಆರೋಪ ಇದೆ. ಸಣ್ಣದೇನಲ್ಲ. ಒಂದು ಇಡೀ ಊರಿನ ಹೊಲಗಳಿಗೆ ರೋಗ ಹಚ್ಚಿದ ಆರೋಪ.

ನಗಬೇಡಿ. ಪುಣೆಯ ಕಾತ್ರಜದ ಮೂರನೇ ಮಹಡಿಯಲ್ಲಿ ಕೂತು ಒಂದು ತುಳಸಿ ಗಿಡವನ್ನೂ ನೆಟ್ಟಗೆ ಬದುಕಿಸಲಾಗದ ನನ್ನಂಥವಳು (ಇದು ನಮ್ಮ ಮನೆಯವರು ಕೊಟ್ಟ ಸರ್ಟಿಫಿಕೇಟು) ಅಷ್ಟು ದೂರದ ಆಲೂಗಡ್ಡೆ ಬೆಳೆಯನ್ನು ಕೆಡಿಸಿದ್ದಾದರೂ ಹೇಗೆ? ಉಡಿ ತುಂಬಿ.

ಹೌದು, ಉಡಿ ತುಂಬಿ. ಮೊದಲಿನಿಂದ ಹೇಳುತ್ತೇನೆ.

ಶಾಂತವ್ವ ಬೆಳಗಾವಿ ಮಗ್ಗುಲಿನ ಹಳ್ಳಿಯವಳು. ಅವಳ ಅವ್ವ, ನಮ್ಮವ್ವ ಒಂದೇ ಓಣಿಯವರು. ಅವಳನ್ನು ಕೊಟ್ಟಿದ್ದು ಪುಣೆಯ ಉತ್ತರಕ್ಕೆ, ನಾಸಿಕದ ಹೆದ್ದಾರಿಯಿಂದ ಒಳಗೆ ಹೋದರೆ ಸಿಗುವ ಒಂದು ಎತ್ತರದ ಬಯಲಿನ ಊರಿಗೆ, ಮರಾಠಿ ಮನೆಗೆ. ಮಳೆಗಾಲ ಶುರುವಾದರೆ ಅಲ್ಲಿ ಊರಿಗೆ ಊರೇ ಆಲೂಗಡ್ಡೆ ಹಾಕುತ್ತದೆ. ತವರು ದೂರ. ಹಾಗಾಗಿ ನನ್ನ ಮನೆಯೇ ಅವಳಿಗೆ ತವರು. ಗಂಡ ಬಾಳು ಟೆಂಪೊದಲ್ಲಿ ಮಾರ್ಕೆಟ್ ಯಾರ್ಡಿಗೆ ಮಾಲು ತಂದಾಗ ಇವಳೂ ಜೊತೆಗೆ ಬಂದು, ಕಾತ್ರಜದಲ್ಲಿ ಇಳಿದು, ಮಧ್ಯಾಹ್ನದವರೆಗೆ ನನ್ನ ತಲೆ ತಿಂದು, ರೊಟ್ಟಿ ತಿಂದು ಹೋಗುತ್ತಾಳೆ.

ಈ ಸಲ ಬಿತ್ತನೆಗೆ ಸ್ವಲ್ಪ ಮೊದಲು ಬಂದಿದ್ದಳು. ಹೊರಟು ನಿಂತಾಗ ಕುಂಕುಮ ಹಚ್ಚಿ ಉಡಿ ತುಂಬಲು ಹೋದೆ. ಅಕ್ಕಿ ಇತ್ತು, ಖಣ ಇತ್ತು, ಎಲೆ-ಅಡಿಕೆ, ಉತ್ತತ್ತಿ ಎಲ್ಲ ಇತ್ತು. ತೆಂಗಿನಕಾಯಿ? ಬೆಳಿಗ್ಗೆ ಚಟ್ನಿಗೆ ಒಡೆದಾಗಿತ್ತು! ನನ್ನ ಮುಖ ಸಣ್ಣದಾಯಿತು. ಬುಟ್ಟಿಯಲ್ಲಿ ಮೊಳಕೆ ಬಂದ ಆಲೂಗಡ್ಡೆ ಬಿದ್ದಿದ್ದವು. ಅವನ್ನು ನೋಡಿ ಶಾಂತವ್ವನ ಕಣ್ಣು ಅರಳಿತು.

"ಅಕ್ಕಾರ, ಕಾಯಿ ಇರವಲ್ದ್ಯಾಕ, ಆ ಗಡ್ಡಿನ ಹಾಕ್ರಿ. ನಮ್ಮವ್ವ ಬಿತ್ತೂ ಹೊತ್ತಿನ್ಯಾಗ ಉಡಿಗೆ ಗಡ್ಡೀನ ಹಾಕ್ತಿದ್ಲು. ಉಡಿಯೊಳಗ ಬಂದ ಬೀಜ ಸಾರಿಗೆ ಹಾಕಬಾರ್ದು, ಮಣ್ಣಿಗೇ ಹಾಕಬೇಕು ಅಂತಿದ್ಲು."

ಐದು ಗಡ್ಡೆ ಹಾಕಿದೆ. ಅವಳು ಸೆರಗು ಕಟ್ಟಿಕೊಂಡು ಖುಷಿಯಿಂದ ಹೋದಳು. ನನಗೂ ಖುಷಿ. ಬುಟ್ಟಿ ಹಗುರಾಯಿತಲ್ಲ.

ಶ್ರಾವಣದಲ್ಲಿ ಫೋನ್ ಬಂತು. ಒಂದು ವಾರದಿಂದ ಪುಣೆಯಲ್ಲಿ ಬಿಸಿಲಿನ ಮುಖ ಕಂಡಿರಲಿಲ್ಲ. ಜಿಟಿಜಿಟಿ ಮಳೆ, ಒಣಗದ ಬಟ್ಟೆ. ಅಲ್ಲಿ ಮೇಲೆ ಬಯಲಿನಲ್ಲಿ ಇನ್ನೂ ಹೆಚ್ಚು, ಜೊತೆಗೆ ಮಂಜು.

"ಅಕ್ಕಾರ, ಎಲಿ ಎಲ್ಲಾ ಸುಟ್ಟಂಗ ಕರ್ರಗಾಗ್ಯಾವ್ರಿ. ತಳಕ್ಕ ನೋಡಿದ್ರ ಬಿಳೀ ಹಿಟ್ಟು ಉದರಿಸಿದಂಗ. ಕರಪಾ ಅಂತಾರ ಇಲ್ಲೆ. ಭಾಳ ವಾಸನಿ ಐತ್ರಿ."

ಕರಪಾ ಅಂತ ಮರಾಠಿಯಲ್ಲಿ ಅನ್ನುವುದೇ ನಮ್ಮ ಅಂಗಮಾರಿ. ಆಲೂಗಡ್ಡೆಗೆ ಬರುವ ಕಾಯಿಲೆಗಳಲ್ಲೆಲ್ಲ ಕೆಟ್ಟದ್ದು. ತಂಪು, ತೇವ, ಮೋಡ ಸಿಕ್ಕರೆ ವಾರದೊಳಗೆ ಹೊಲ ಮಲಗಿಬಿಡುತ್ತದೆ.

"ಎಲ್ಲಿ ಶುರುವಾತು?" ಅಂದೆ.

ಆ ಕಡೆಯಿಂದ ಸಣ್ಣ ದನಿ. "ನಿಮ್ಮ ಉಡಿ ಸಾಲಿನ್ಯಾಗರಿ."

ಆಯಿತಲ್ಲ! ನಾನು ಕೊಟ್ಟ ಐದು ಗಡ್ಡೆಗಳನ್ನು ಕಣ್ಣು ಕಣ್ಣಾಗಿ ಕತ್ತರಿಸಿ, ಹೊಲದ ಬಾಗಿಲಲ್ಲೇ, ಮೊದಲ ಸಾಲಿನ ತುದಿಗೆ ಊರಿದ್ದಳಂತೆ. ಅಲ್ಲೇ ಮೊದಲು ಕಂಡದ್ದು. ಆಮೇಲೆ ಪಕ್ಕದ ಹೊಲದಲ್ಲಿ. ಆಮೇಲೆ ಎಲ್ಲ ಕಡೆ. ಪಕ್ಕದ ಹೊಲದ ಸುಮನಕಾಕು (ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ; ವಯಸ್ಸಿನಲ್ಲಿ ಹಿರಿಯಳು, ಮಾತಿನಲ್ಲಿ ಇನ್ನೂ ಹಿರಿಯಳು) ಊರ ಬಾವಿಯ ಹತ್ತಿರ ತೀರ್ಪು ಕೊಟ್ಟುಬಿಟ್ಟಿದ್ದಳು: ಬೆಳಗಾವಿಯವಳು ಉಡಿಯಲ್ಲಿ ಕರಪಾ ತಂದಳು.

ಬರೀ ಬಾಯಿಮಾತಾದರೆ ಶಾಂತವ್ವ ಹೆದರುವ ಪೈಕಿ ಅಲ್ಲ. ಆದರೆ ಆ ಊರಲ್ಲಿ ಗಡ್ಡೆ ಕೀಳುವುದು ಕೂಲಿಯಿಂದಲ್ಲ. ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ. ನಮ್ಮ ಕಡೆ ಮುಯ್ಯಾಳು ಅಂತಾರಲ್ಲ, ಅದೇ. ಎತ್ತು ಕಟ್ಟಿ ಸಾಲು ಒಡೆದರೆ ಹಿಂದಿನಿಂದ ಹೆಂಗಸರ ಒಂದು ದಂಡೇ ಆರಿಸಿಕೊಂಡು ಬರಬೇಕು. ಬಳ್ಳಿ ಕೊಯ್ದ ಮೇಲೆ ಗಡ್ಡೆಯ ಸಿಪ್ಪೆ ಬಲಿಯಲು ಸ್ವಲ್ಪ ದಿನ ಬಿಟ್ಟು, ಮಳೆ ಬಿಡುವು ಕೊಟ್ಟ ಕೂಡಲೇ ಕಿತ್ತುಬಿಡಬೇಕು. ಇಲ್ಲದಿದ್ದರೆ ಎಲೆಯ ರೋಗ ಮಳೆನೀರಿನೊಂದಿಗೆ ಮಣ್ಣಿಗಿಳಿದು ಗಡ್ಡೆ ಹಿಡಿಯುತ್ತದೆ. ಇದ್ದುಬಿದ್ದದ್ದೂ ಒಳಗೇ ಕೊಳೆಯುತ್ತದೆ.

"ನಿನ್ನ ಹೊಲಕ್ಕ ನಾವು ಕಾಲಿಡೂದಿಲ್ಲ ಅಂದಾರ್ರಿ ಅಕ್ಕಾರ," ಅಂದಳು ಶಾಂತವ್ವ. "ನಾವಿಬ್ಬರ ಎಷ್ಟಂತ ಕೀಳೂಣು?"

ನನಗೆ ಸಿಟ್ಟು ಬಂತು. ಕಾಕುವಿನ ಮೇಲೆ, ಮಳೆಯ ಮೇಲೆ, ಚಟ್ನಿಯ ಮೇಲೆ. ಸಿಟ್ಟು ಬಂದಾಗ ನಾನು ಮಾಡುವ ಮೊದಲ ಕೆಲಸ ವಿದ್ಯಾಳನ್ನು ಕರೆಯುವುದು.

ವಿದ್ಯಾ ನನ್ನ ತಂಗಿಯ ಮಗಳು. ಧಾರವಾಡದ ಹುಡುಗಿ. ಪುಣೆಯಲ್ಲಿ ಸಸ್ಯರೋಗದ ಮೇಲೆ ಪಿಎಚ್‌ಡಿ ಮಾಡುತ್ತಾಳೆ, ನನ್ನ ಮನೆಯಲ್ಲೇ ಇರುತ್ತಾಳೆ. ಆರೋಗ್ಯವಾಗಿರುವ ಗಿಡ ಕಂಡರೆ ಅವಳಿಗೆ ಬೇಜಾರು. ಕಥೆ ಕೇಳಿದವಳೇ ಬ್ಯಾಗು ಹೊರಗೆಳೆದಳು.

"ದೊಡ್ಡವ್ವಾ, ಉಳಿದ ಗಡ್ಡಿ ಅದಾವೇನು?"

ಬುಟ್ಟಿಯ ತಳದಲ್ಲಿ ಒಂದು ಮುದಿ ಗಡ್ಡೆ ಇತ್ತು. ಕುಯ್ದು ನೋಡಿದಳು. ಒಳಗೆ ಕಂದು ಕಲೆ ಇರಲಿಲ್ಲ, ಚೊಕ್ಕವಾಗಿತ್ತು. ನಾನು ಗೆದ್ದೆ ಅಂತ ಕುಣಿಯುವುದೊಂದು ಬಾಕಿ. ಅವಳು ತಣ್ಣಗೆ ಹೇಳಿದಳು, "ಇದು ಒಳ್ಳೇದದ. ಉಳಿದ ಐದರ ಬಗ್ಗೆ ಇದೇನೂ ಹೇಳೂದಿಲ್ಲ."

ಇಂಥ ಮಕ್ಕಳನ್ನು ಓದಿಸಬಾರದು ನೋಡಿ.

ಮರುದಿನವೇ ಇಬ್ಬರೂ ಹೋದೆವು. ವಿದ್ಯಾ ಕೊಡೆ ಹಿಡಿದು ಹೊಲ ಹೊಲ ಸುತ್ತಿದಳು. ಶಾಂತವ್ವನ ಉಡಿ ಸಾಲಿನಿಂದ, ಕಾಕುವಿನ ಹೊಲದಿಂದ, ಊರಾಚೆಯ ಇನ್ಯಾರದೋ ಹೊಲದಿಂದ, ಒಂದು ಟೊಮ್ಯಾಟೊ ತೋಟದಿಂದ ಕೂಡ ಕಲೆ ಬಿದ್ದ ಎಲೆ ಕಿತ್ತು, ಒಂದೊಂದನ್ನೂ ದಪ್ಪ ಕಾಗದದ ಕಾರ್ಡಿನ ಮೇಲಿಟ್ಟು ಒತ್ತಿದಳು. ಎಲೆಯ ರಸ ಕಾಗದಕ್ಕೆ ಇಳಿಯಿತು. ಆ ರಸದಲ್ಲಿ ರೋಗದ ಡಿಎನ್ಎ ಇರುತ್ತದಂತೆ. ಅದನ್ನು ಓದಿದರೆ ರೋಗದ ಕುಲಗೋತ್ರ ತಿಳಿಯುತ್ತದಂತೆ.

ಕಾಕು ತನ್ನ ಬದುವಿನ ಮೇಲೆ ನಿಂತು ಸೊಂಟಕ್ಕೆ ಕೈಕೊಟ್ಟು ನೋಡುತ್ತಿದ್ದಳು. ಎಲೆ ಕೀಳಲು ಬಿಟ್ಟಳು. ಚಹಾ ಕೊಡಲಿಲ್ಲ.

ಬರುವಾಗ ಬಸ್ಸಿನಲ್ಲಿ, ಆಮೇಲೆ ವಾರವೆಲ್ಲ ಊಟದ ಹೊತ್ತಿನಲ್ಲಿ, ನನಗೆ ಪಾಠ ನಡೆಯಿತು. ಅದರ ಸಾರ ನಿಮಗೂ ಇರಲಿ, ನಾನೊಬ್ಬಳೇ ಯಾಕೆ ಅನುಭವಿಸಬೇಕು?

ಮೊದಲನೆಯದು, ಇದು ಬೂಷ್ಟು ಅಲ್ಲ. ಕಾಣುವುದು ಬೂಷ್ಟಿನ ಹಾಗೆ, ಹಬ್ಬುವುದೂ ಹಾಗೆ. ವಂಶ ನೋಡಿದರೆ ಸಮುದ್ರದ ಕಂದು ಪಾಚಿಯ ಕಡೆಯ ನಂಟು. (ಸಂಬಂಧಿಕರ ವಿಷಯದಲ್ಲಿ ಮುಖ ನೋಡಿ ತೀರ್ಮಾನಿಸಬಾರದು ಅಂತ ನಮ್ಮವ್ವ ಮೊದಲೇ ಹೇಳಿದ್ದಳು.)

ಎರಡನೆಯದು, ಇದರಲ್ಲಿ ಎರಡು ಬಗೆ. ಎ-ಒನ್, ಎ-ಟು. ಗಂಡು ಹೆಣ್ಣು ಅನ್ನುವ ಹಾಗಿಲ್ಲ, ಆದರೂ ಎರಡೂ ಕೂಡಿದರೆ ಮಾತ್ರ ಮದುವೆ. ಮದುವೆಯಾದರೆ ಹೊಸ ಹೊಸ ಬೆರಕೆ ಮಕ್ಕಳು, ಜೊತೆಗೆ ಮಣ್ಣಿನಲ್ಲಿ ಬಹುಕಾಲ ತಡೆದುಕೊಂಡು ಕೂರುವ ಗಟ್ಟಿ ಬೀಜಕಣಗಳು. ಮದುವೆಯಾಗದಿದ್ದರೆ? ಅದಕ್ಕೇನೂ ತೊಂದರೆಯಿಲ್ಲ. ತನ್ನದೇ ಪಡಿಯಚ್ಚು ಮೇಲೆ ಪಡಿಯಚ್ಚು ಮಾಡಿಕೊಂಡು ದೇಶ ತುಂಬುತ್ತದೆ. ಹಿಂದೆ ಐರ್ಲೆಂಡಿನ ಜನರನ್ನು ಹಸಿವಿನಿಂದ ಕೊಂದದ್ದೂ ಅಂಥದೇ ಒಂದು ಪಡಿಯಚ್ಚಿನ ವಂಶ. ಅದನ್ನು ಒತ್ತಿ ಇನ್ನೊಂದು ಬಂತು, ಅದನ್ನೂ ಒತ್ತಿ ಮತ್ತೊಂದು. ನಮ್ಮ ದೇಶದಲ್ಲಿ ಈಗ ದರ್ಬಾರು ನಡೆಸುತ್ತಿರುವುದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಹದಿಮೂರು ಎ-ಟು. ಪುಣೆಯ ಸ್ವಾರಗೇಟ್ ಸ್ಟ್ಯಾಂಡಿನ ಬಸ್ ನಂಬರಿನಂತಿದೆ. ಯೂರೋಪಿನಲ್ಲಿ ಮೊದಲು ತಲೆ ಎತ್ತಿ ಈ ಕಡೆ ಬಂದದ್ದು. ಹಳೆಯ ವಂಶಗಳನ್ನು ಮೂಲೆಗೆ ತಳ್ಳಿದೆ.

"ಅದಕ್ಕ ಏನು ಅಷ್ಟು ಸೊಕ್ಕು?" ಅಂತ ಕೇಳಿದೆ.

"ಔಷಧಕ್ಕ ಜಗ್ಗೂದಿಲ್ಲ ದೊಡ್ಡವ್ವಾ. ಅಂಗಡಿಯವರು ವರ್ಷಾ ಒಂದೇ ಪುಡಿ ಕೊಡ್ತಾರ, ಇವರು ವರ್ಷಾ ಅದನ್ನೇ ಹೊಡೀತಾರ. ಸಾಯೂವು ಸತ್ತವು. ಬದುಕಿದ್ದು ಯಾವುದು? ಅದಕ್ಕ ಬಗ್ಗದೇ ಇದ್ದದ್ದು. ಮುಂದ ಅದರದೇ ಸಂತಾನ."

ಅಂದರೆ ನಾವೇ ದುಡ್ಡು ಕೊಟ್ಟು, ಪಂಪು ಬೆನ್ನಿಗೆ ಹಾಕಿಕೊಂಡು, ರೋಗದಲ್ಲಿ ಗಟ್ಟಿಯಾದದ್ದನ್ನು ಆರಿಸಿ ಆರಿಸಿ ಬೆಳೆಸಿದ್ದು.

ಮೂರನೆಯದು ನನಗೆ ಬಹಳ ಹಿಡಿಸಿತು. ಈ ಜೀವಿಯ ಡಿಎನ್ಎ ಅದರ ನೆಂಟರದ್ದಕ್ಕಿಂತ ಬಲು ದೊಡ್ಡದು. ಬಹುಪಾಲು ಹೇಳಿದ್ದನ್ನೇ ಹೇಳುವ ಅಡ್ಡಾದಿಡ್ಡಿ ಸಾಮಾನು. ದಿನನಿತ್ಯ ಬದುಕಲು ಬೇಕಾದ ಜೀನ್‌ಗಳು ಅಡುಗೆಮನೆಯ ಡಬ್ಬಿಗಳ ಹಾಗೆ ಒತ್ತಾಗಿ, ಸಾಲಾಗಿ ಇವೆ. ಅವು ಸುಲಭಕ್ಕೆ ಬದಲಾಗುವುದಿಲ್ಲ. ಗಿಡದ ಮೇಲೆ ದಾಳಿ ಮಾಡುವ ಜೀನ್‌ಗಳು ಮಾತ್ರ ಅಟ್ಟದಲ್ಲಿವೆ, ಆ ಅಡ್ಡಾದಿಡ್ಡಿ ಸಾಮಾನಿನ ನಡುವೆ. ಅಲ್ಲಿ ಒಂದು ಎರಡಾಗುತ್ತದೆ, ಇನ್ನೊಂದು ಮುರಿಯುತ್ತದೆ, ಮತ್ತೊಂದು ಕಾಣೆಯಾಗುತ್ತದೆ. ಮನೆ ನಡೆಯುತ್ತಲೇ ಇರುತ್ತದೆ, ಕತ್ತಿಗಳು ಮಾತ್ರ ಹೊಸದಾಗುತ್ತಿರುತ್ತವೆ.

ರೋಗ ತಡೆಯುವ ಆಲೂಗಡ್ಡೆ ತಳಿ ಮಾಡಿದರೂ ಅದಕ್ಕೇ ಬಹಳ ದಿನ ತಾಳುವುದಿಲ್ಲವಂತೆ. ಗಿಡದ ಕಾವಲುಗಾರ ಕಳ್ಳನನ್ನು ಮೀಸೆಯಿಂದ ಗುರುತಿಸುತ್ತಾನೆ ಅಂದುಕೊಳ್ಳಿ. ಕಳ್ಳ ಮೀಸೆ ಬೋಳಿಸಿಕೊಂಡು ಬಂದರೆ? ಕಾವಲುಗಾರ ನಮಸ್ಕಾರ ಹೇಳಿ ಒಳಗೆ ಬಿಡುತ್ತಾನೆ. ಇತ್ತ ಆಲೂಗಡ್ಡೆಯನ್ನು ನಾವು ಬೆಳೆಯುವುದು ಗಡ್ಡೆಯಿಂದಲೇ. ಹಾಗಾಗಿ ಅದೂ ಪಡಿಯಚ್ಚೇ. ಚಿಪ್ಸ್ ಮಾಡುವವರು ಕೇಳುವುದು ಒಂದೇ ತಳಿ, ಇಡೀ ಬಯಲು ಹಾಕುವುದೂ ಅದನ್ನೇ. ಒಂದು ಬಾಗಿಲು ತೆರೆದರೆ ಎಲ್ಲ ಬಾಗಿಲೂ ತೆರೆದ ಹಾಗೆ.

ಇಷ್ಟೆಲ್ಲ ಕೇಳಿದ ಮೇಲೆ ನನ್ನ ಪ್ರಶ್ನೆ ಒಂದೇ. "ಅದೆಲ್ಲಾ ಇರ್ಲಿ, ರೋಗ ತಂದದ್ದು ಯಾರು?"

ನಾನೂ ಕಾಕುವಿನ ಜಾತಿಯವಳೇ. ನೀವೂ ಅಷ್ಟೇ, ಬಿಡಿ. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಕ್ರೋಸಿನ್ ಹುಡುಕುವ ಮೊದಲು ನಾವು ಕೇಳುವುದೇನು? "ಯಾರಿಂದ ಹತ್ತಿತು?" ನಮ್ಮ ಸೊಸೈಟಿಯಲ್ಲಿ ತಿಗಣೆ ಕಾಣಿಸಿಕೊಂಡಾಗ ವಾಟ್ಸ್ಯಾಪ್ ಗ್ರೂಪಿನಲ್ಲಿ ಎ ವಿಂಗ್‌ನವರು ಬಿ ವಿಂಗ್ ಅಂದರು, ಬಿ ವಿಂಗ್‌ನವರು ಬಾಡಿಗೆಗಿದ್ದ ಹುಡುಗರು ಅಂದರು. ಹುಡುಗರು ಮನೆ ಖಾಲಿ ಮಾಡಿದರು. ತಿಗಣೆ ಖಾಲಿ ಮಾಡಲಿಲ್ಲ.

ರಿಪೋರ್ಟ್ ಬರುವ ಹೊತ್ತಿಗೆ ಶಾಂತವ್ವ, ಬಾಳು ಇಬ್ಬರೇ ಬಳ್ಳಿ ಕೊಯ್ದು ಮುಗಿಸಿದ್ದರು. ಸಿಪ್ಪೆ ಬಲಿಯುತ್ತಿತ್ತು. ನಾನು ವಿದ್ಯಾಳನ್ನು ಎಳೆದುಕೊಂಡು ಮತ್ತೆ ಹೋದೆ. ಈ ಸಲ ಒಳ್ಳೆಯ ಸೀರೆ ಉಟ್ಟಿದ್ದೆ. ನಿರ್ದೋಷಿ ಅಂತ ಸಾರುವ ದಿನ ಹಳೇ ಸೀರೆ ಉಡುತ್ತಾರೆಯೇ?

ಶಾಂತವ್ವನ ಅಂಗಳದಲ್ಲಿ ಜನ ಸೇರಿದರು. ಕಾಕು ಮುಂದೆಯೇ ಕೂತಳು. ವಿದ್ಯಾ ಮರಾಠಿಯಲ್ಲಿ, ನಡುನಡುವೆ ಹಿಂದಿಯಲ್ಲಿ ಹೇಳಿದಳು: ಎಲ್ಲ ಎಲೆಗಳಲ್ಲೂ ಸಿಕ್ಕಿದ್ದು ಒಂದೇ. ಉಡಿ ಸಾಲಿನದೂ ಅದೇ, ಕಾಕುವಿನ ಹೊಲದ್ದೂ ಅದೇ, ಊರಾಚೆಯದೂ ಅದೇ, ಟೊಮ್ಯಾಟೊದ್ದೂ ಅದೇ. ಹದಿಮೂರು ಎ-ಟು.

ನಾನು ಎದೆಯುಬ್ಬಿಸಿ ಕಾಕುವಿನ ಕಡೆ ನೋಡಿದೆ. ಕಾಕು ಎದ್ದು ನಿಂತಳು.

"ನೋಡಿದಿರಾ! ಎಲ್ಲ ಒಂದೇ ಅಂತೆ. ಅಂದರೆ ಇವಳದ್ದೇ ನಮಗೆಲ್ಲ ಬಂದದ್ದು!"

ಅಯ್ಯೋ ಶಿವನೆ! ನಾನು ಈ ದಾರಿ ಯೋಚಿಸಿರಲೇ ಇಲ್ಲ. ನನಗೆ ಬಂದಷ್ಟು ಮರಾಠಿಯಲ್ಲಿ ಕೂಗಿದೆ, "ನಿಮ್ಮದೇ ಇವಳಿಗೆ ಯಾಕೆ ಬಂದಿರಬಾರದು?"

ಇಬ್ಬರೂ ವಿದ್ಯಾಳ ಕಡೆ ತಿರುಗಿದೆವು. ಶಾಂತವ್ವ ಮಾತ್ರ ಸೆರಗಿನ ತುದಿ ಹಿಂಡುತ್ತಾ ನೆಲ ನೋಡುತ್ತಿದ್ದಳು. ಅವಳ ಒಂದು ವರ್ಷದ ಅನ್ನ ಆ ಮಣ್ಣಿನೊಳಗಿತ್ತು. ವಿದ್ಯಾ ಒಂದೇ ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. "ಇವಳ ಸಾಲಿನದು ಬೇರೆ" ಅಂದಿದ್ದರೆ ಮುಗಿಯುತ್ತಿತ್ತು. ಆ ಹೊತ್ತಿಗೆ ನನಗಂತೂ ಹಾಗೇ ಹೇಳಲಿ ಅನ್ನಿಸಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಹೇಳಲಿಲ್ಲ. "ಹೇಳಲಿಕ್ಕೆ ಬರೂದಿಲ್ಲ," ಅಂದಳು. ಒಂದೇ ಅಚ್ಚಿನವು ದೇಶದ ತುಂಬ ಇರುವಾಗ ಯಾವುದು ಯಾವ ಮನೆಯಿಂದ ಹೊರಟಿತು ಅಂತ ಈ ಪರೀಕ್ಷೆ ಹೇಳುವುದಿಲ್ಲ. ಮಾರುಕಟ್ಟೆಯಿಂದ ತಂದ ಬೀಜದ ಗಡ್ಡೆಯಲ್ಲಿ ಬಂದಿರಬಹುದು. ಅದು ಕಾಕುವಿನ ಮೂಟೆಯಿರಬಹುದು, ಶಾಂತವ್ವನ ಮೂಟೆಯಿರಬಹುದು. ದೊಡ್ಡವ್ವನ ಬುಟ್ಟಿಯೂ ಇರಬಹುದು. (ಥ್ಯಾಂಕ್ಯೂ ಮಗಳೇ.) ಗಾಳಿಯಲ್ಲೂ ಬಂದಿರಬಹುದು.

"ಆದರೆ ಮೊದಲು ಕಂಡದ್ದು ಅವಳ ಸಾಲಿನಲ್ಲೇ ಅಲ್ಲವೇ?" ಕಾಕು ಬಿಡುವ ಹೆಂಗಸಲ್ಲ.

ಆಗ ವಿದ್ಯಾ ಶಾಂತವ್ವನನ್ನು ಕೇಳಿದಳು. "ಅಕ್ಕಾ, ದಿನಾ ಹೊಲಕ್ಕ ಹೋದ ಕೂಡ್ಲೆ ಮೊದಲ ಎಲ್ಲಿ ನೋಡ್ತೀರಿ?"

"ಉಡಿ ಸಾಲು ನೋಡ್ತೀನಿ," ಅಂದಳು ಶಾಂತವ್ವ. "ತವರಿಂದು ಅಲ್ಲೇನ್ರಿ. ಎಲಿ ಎಲಿ ಮುಟ್ಟಿ ನೋಡ್ತಿದ್ದೆ."

"ಬಾಕಿ ಹೊಲ?"

"ಬಾಕಿದು... ಹಂಗ ದೂರಿಂದ."

ವಿದ್ಯಾ ಕಾಕುವಿಗೆ ಅದನ್ನೇ ಮರಾಠಿಯಲ್ಲಿ ಹೇಳಿದಳು. ಮೊದಲು ಕಂಡದ್ದು ಮೊದಲು ಬಂದದ್ದೇ ಆಗಬೇಕಿಲ್ಲ. ಯಾರು ಎಲೆ ತಿರುವಿ ನೋಡುತ್ತಾರೋ ಅವರಿಗೆ ಮೊದಲು ಕಾಣುತ್ತದೆ. "ನಿಮ್ಮ ಹೊಲದಲ್ಲಿ ನೀವು ದಿನಾ ಎಲೆ ತಿರುವಿ ನೋಡುತ್ತಿದ್ದಿರಾ?"

ಕಾಕು ಒಪ್ಪಿಕೊಳ್ಳಲಿಲ್ಲ. ಸೀರೆ ಕೊಡವಿಕೊಂಡು ಹೊರಟಳು. ಹಿಂದೆ ಉಳಿದವರೂ ಹೊರಟರು. ಕೊನೆಗೆ ಅಂಗಳದಲ್ಲಿ ನಾವು ನಾವೇ. ಶಾಂತವ್ವ ಚಹಾ ಇಟ್ಟಳು. ನನಗೆ ಅಳು ಬರುವಂತಾಗಿತ್ತು. ಪ್ರೀತಿಯಿಂದ ಕೊಟ್ಟದ್ದು ಅವಳ ಕೊರಳಿಗೇ ಬಂದಿತ್ತು.

"ನೀವ್ಯಾಕ ಮಾರಿ ಸಣ್ಣದು ಮಾಡ್ತೀರಿ ಅಕ್ಕಾರ?" ಅಂದಳು. "ಬಂದ್ರ ಬರ್ಲಿ, ಬಿಟ್ರ ಬಿಡ್ಲಿ. ಇರೂ ಕೈ ನಾಕದಾವು."

ಮಳೆ ಬಿಡುವು ಕೊಟ್ಟ ದಿನ ಬೆಳಿಗ್ಗೆ ಬಾಳು ಫೋನ್ ಮಾಡಿದ. ಇವತ್ತು ಕೀಳುತ್ತೇವೆ, ಮತ್ತೆ ಮೋಡ ಕಟ್ಟುವ ಹಾಗಿದೆ ಅಂದ. ನಾನು, ವಿದ್ಯಾ ಮೊದಲ ಬಸ್ಸು ಹಿಡಿದೆವು. ನಾಲ್ಕು ಕೈ ಎಂಟಾದವು. ಅದರಲ್ಲಿ ನನ್ನವೆರಡನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬಾಳು ಎತ್ತು ಹೂಡಿ ಮೊದಲ ಸಾಲು ಒಡೆದ. ನಾವು ಮೂವರು ಕೂತು ಆರಿಸತೊಡಗಿದೆವು. ಒಳ್ಳೆಯವು ಒಂದು ಬುಟ್ಟಿಗೆ, ಕೊಳೆತವು ಇನ್ನೊಂದಕ್ಕೆ. ಕೊಳೆತದ್ದನ್ನು ಬದುವಿಗೆ ಎಸೆಯಬಾರದು, ಆಳಕ್ಕೆ ಹೂಳಬೇಕು, ಇಲ್ಲದಿದ್ದರೆ ಅದರಲ್ಲೇ ಮೊಳಕೆ ಬಂದು ರೋಗಕ್ಕೆ ಮತ್ತೆ ಮನೆ ಸಿಗುತ್ತದೆ ಅಂತ ವಿದ್ಯಾ ನೂರು ಸಲ ಹೇಳಿದಳು. ಈ ಊರಲ್ಲಿ ಎಲ್ಲರೂ ಎಸೆಯುವುದು ಬದುವಿಗೇ. ಅದೂ ಪಕ್ಕದವರ ಕಡೆಗೆ.

ಬಿಸಿಲೇರಿತು. ಹೊಲ ಹಾಗೇ ಬಿದ್ದಿತ್ತು. ಪಶ್ಚಿಮಕ್ಕೆ ಕಪ್ಪು ಕಟ್ಟುತ್ತಿತ್ತು. ಶಾಂತವ್ವ ತಲೆ ಎತ್ತದೆ ಆರಿಸುತ್ತಿದ್ದಳು.

ಆಗ ಕಾಕು ಬಂದಳು. ಹಿಂದೆ ಏಳೆಂಟು ಹೆಂಗಸರು, ಎಲ್ಲರ ಸೊಂಟದಲ್ಲೂ ಬುಟ್ಟಿ. ಮಾತಿಲ್ಲ ಕತೆಯಿಲ್ಲ. ಕಚ್ಚೆ ಬಿಗಿದು ಸಾಲಿಗಿಳಿದೇಬಿಟ್ಟರು. ಶಾಂತವ್ವ ಒಂದು ಕ್ಷಣ ಅವರನ್ನು ನೋಡಿ, ಬೆನ್ನು ತಿರುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರಿಗೆ ಅಂತ ನಾನೂ ನಂಬಿದೆ.

ಮಳೆಯ ಹನಿ ಬೀಳುವ ಹೊತ್ತಿಗೆ ಒಳ್ಳೆಯವೆಲ್ಲ ಮನೆ ಸೇರಿದ್ದವು. ಅರ್ಧಕ್ಕರ್ಧ ಹೋಗಿತ್ತು, ಅರ್ಧ ಉಳಿದಿತ್ತು. ಉಳಿದದ್ದು ಉಳಿದದ್ದೇ. ಕೊಳೆತದ್ದಕ್ಕೆ ಬಾಳು ಗುಂಡಿ ತೋಡಿದ. ಕಾಕು ತಾನೇ ನಿಂತು ಮಣ್ಣು ಮುಚ್ಚಿಸಿದಳು, "ಇನ್ನೂ ಹಾಕು, ಇನ್ನೂ ಹಾಕು" ಅಂತ.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ! ಚಹಾ ಕುಡಿಯುವಾಗ ಪಕ್ಕಕ್ಕೆ ಹೋಗಿ ಕೂತು ಕೇಳಿಯೇಬಿಟ್ಟೆ. "ಕಾಕು, ಅಂದರೆ ರೋಗ ಶಾಂತಾ ತಂದದ್ದಲ್ಲ ಅಂತ ಈಗ ಒಪ್ಪಿದಿರಾ?"

ಕಾಕು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಒಪ್ಪಿದೆ ಅಂತ ಯಾರು ಹೇಳಿದರು? ನಾಳೆ ನನ್ನ ಹೊಲ ಕೀಳಬೇಕು. ಇವತ್ತು ನಾನು ಬರದಿದ್ದರೆ ನಾಳೆ ಇವಳು ಬರುತ್ತಾಳಾ?" ಬಸಿ ಕೆಳಗಿಟ್ಟು ಎದ್ದಳು. "ಯಾರು ತಂದರು ಅನ್ನೋದು... ಬಟಾಟೆ ಘರಾತ ಯೇವೂ ದೇ, ಮಗ ಬಘೂ."

ಬಟಾಟೆ ಮನೆಗೆ ಬರಲಿ, ಆಮೇಲೆ ನೋಡೋಣ.

ಸರಿಯೇ ಅಲ್ಲವೇ? ಜಗಳ ವರ್ಷ ಇಟ್ಟರೂ ಕೆಡುವುದಿಲ್ಲ. ಆಲೂಗಡ್ಡೆಯನ್ನು ಮಣ್ಣಿನಲ್ಲಿ ಇಡುತ್ತೀರಾ?